ಬಾವುಟಕ್ಕೆ ಬೇಕಾದ ಕತ್ತಲೆ

ಚೆನ್ನೈನ ಸೇಂಟ್ ಜಾರ್ಜ್ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲದ ರೇಷ್ಮೆಯ ತ್ರಿವರ್ಣ ಧ್ವಜವೊಂದಿದೆ. 1947ರ ಆಗಸ್ಟ್ 15ರ ಬೆಳಗಿನ ಜಾವ ಆ ಕೋಟೆಯ ಮೇಲೆ ಏರಿದ ಧ್ವಜವದು. ಬಹುಕಾಲ ಉಗ್ರಾಣದಲ್ಲಿದ್ದ ಅದು 2013ರ ಜನವರಿ 26ರಿಂದ ಸಾರ್ವಜನಿಕರ ನೋಟಕ್ಕೆ ತೆರೆದುಕೊಂಡಿದೆ. ಗಾಳಿಯಾಡದ ಮರ-ಗಾಜಿನ ಪೆಟ್ಟಿಗೆ, ತೇವ ಹೀರಲು ಬಟ್ಟಲುಗಳಲ್ಲಿಟ್ಟ ಸಿಲಿಕಾ ಜೆಲ್, ಅಳೆದು ಬಿಟ್ಟ ಮಂದ ಬೆಳಕು. ದೂರದಿಂದ ಬಂದವರಿಗೆ ಆ ಮಬ್ಬು ನಿರಾಸೆ ತಂದೀತು. ಆದರೂ ಅದು ಸರಿಯಾದ ಏರ್ಪಾಡು.

ಬೇರಿಕೆಯ ಕನ್ನಡಿಗರಿಗೆ ಈ ಧ್ವಜ ಪರಕೀಯವಲ್ಲ. ಹೊಸೂರು ಸೀಮೆ ಅಂದು ಮದರಾಸು ಪ್ರಾಂತದ ಸೇಲಂ ಜಿಲ್ಲೆಗೆ ಸೇರಿತ್ತು. ಅದನ್ನು ಆಳುತ್ತಿದ್ದ ಸರ್ಕಾರದ ನೆಲೆ ಆ ಕೋಟೆಯೇ. ಮಾಲೂರಿನ ದಾರಿ ಹಿಡಿದರೆ ಮಾತ್ರ ಕಥೆ ಬೇರೆ. ಅದು ಮೈಸೂರು ಸಂಸ್ಥಾನ. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರು ನಿಷೇಧವನ್ನು ಮೀರಿ ಧ್ವಜ ಹಾರಿಸಿದರು; ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಕೋಟೆಯ ಮೇಲೆ ಸ್ವತಂತ್ರ ಭಾರತದ ಬಾವುಟ ಏರಿದ ಮೇಲೂ ಮೈಸೂರಿನವರು ಜವಾಬ್ದಾರಿ ಸರ್ಕಾರಕ್ಕಾಗಿ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಹೊರಡಬೇಕಾಯಿತು. ಗಡಿಯ ಎರಡು ಬದಿ ನೆಂಟಸ್ತನವಿದ್ದ ಮನೆಗಳಲ್ಲಿ ಒಂದೇ ಬಾವುಟ ಒಬ್ಬರಿಗೆ ಮುಗಿದ ಹೋರಾಟ, ಇನ್ನೊಬ್ಬರಿಗೆ ಮುಗಿಯದ ಹೋರಾಟ.

ಇಂಥ ಬಾವುಟವೊಂದು ಯಾರದೋ ಟ್ರಂಕಿನ ತಳದಲ್ಲಿ ಸಿಕ್ಕರೆ ಆಗುವುದೇನು? ಒಗೆದು, ಇಸ್ತ್ರಿ ಮಾಡಿ, ಕಟ್ಟು ಹಾಕಿಸಿ, ಟ್ಯೂಬ್‌ಲೈಟಿನ ಕೆಳಗೆ ಮೊಳೆ ಹೊಡೆದು ನೇತುಹಾಕುವುದು. ಆಗಸ್ಟ್ ಬಂದಾಗ ಹೂಮಾಲೆ. ಭಕ್ತಿಯಲ್ಲಿ ಕೊರತೆಯಿಲ್ಲ, ಬಟ್ಟೆಗೆ ಮಾತ್ರ ಉಳಿವಿಲ್ಲ. ಬೆಳಕು ಮಾಡುವ ಹಾನಿ ದಿನದಿನವೂ ಕೂಡುತ್ತ ಹೋಗುತ್ತದೆ, ಮರಳಿ ಸರಿಹೋಗುವುದಿಲ್ಲ; ಆದ್ದರಿಂದಲೇ ಹಳೆಯ ನೇಯ್ಗೆಗೆ 50 ಲಕ್ಸ್ ಬೆಳಕೇ ಮಿತಿ ಎಂದು ಸಂಗ್ರಹಾಲಯಗಳು ಪಾಲಿಸುತ್ತವೆ. ಮಡಿಕೆಯಿದ್ದಲ್ಲಿ ಎಳೆ ತುಂಡಾಗುತ್ತದೆ. ಸದುದ್ದೇಶದ ರಿಪೇರಿಯೂ ಅಪಾಯವೇ: ಅಮೆರಿಕದ ಸ್ಮಿತ್ಸೋನಿಯನ್‌ನಲ್ಲಿರುವ 1814ರ ಯುದ್ಧಕಾಲದ ಧ್ವಜಕ್ಕೆ 1914ರಲ್ಲಿ ಲಿನನ್ ಆಸರೆ ಹೊಲಿದಿದ್ದರು, ಮುಂದಿನ ತಲೆಮಾರಿನವರು ಸುಮಾರು 17 ಲಕ್ಷ ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿ ಅದನ್ನು ಬಿಡಿಸಬೇಕಾಯಿತು.

ಕತ್ತಲಲ್ಲಿ ಇಡುವುದಾದರೆ ಇಟ್ಟೇನು ಫಲ ಎಂಬ ಆಕ್ಷೇಪ ಸಹಜ. ಗೋಡೆಯ ಮೇಲೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಹೊಸ ಖಾದಿ ಧ್ವಜ ಇರಲಿ. ಮೂಲದ ಬಟ್ಟೆ ಮಡಿಕೆಯಿಲ್ಲದೆ ಮಲಗಿರಲಿ, ವರ್ಷದಲ್ಲಿ ಕೆಲವೇ ದಿನ ಕಾಣಲಿ. ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯದಂಥ ಸಂಸ್ಥೆಗೆ ಇದು ನಿಲುಕದ ಕೆಲಸವಲ್ಲ.

ಆದರೆ ಬಟ್ಟೆಯೊಂದೇ ಉಳಿದರೆ ಸಾಲದು. ಮೇಡಂ ಕಾಮಾ 1907ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಎತ್ತಿದ ಧ್ವಜ ಪುಣೆಯ ಕೇಸರಿವಾಡೆಯಲ್ಲಿದೆ. ಅದು ಯಾರ ಕೈಯಿಂದ ಹೇಗೆ ಬಂತೆಂಬ ವೃತ್ತಾಂತ ಜೊತೆಗಿರುವುದರಿಂದಲೇ ಅದಕ್ಕೆ ಆ ಬೆಲೆ. ಬೇರಿಕೆಯ ಸುತ್ತಿನ ಮನೆಗಳಲ್ಲಿ ಅಂಥ ವೃತ್ತಾಂತಗಳಿದ್ದರೆ ಅವು ಇರುವುದು ಕನ್ನಡದಲ್ಲಿ, ತೆಲುಗಿನಲ್ಲಿ, ಅಜ್ಜಿಯರ ಬಾಯಲ್ಲಿ. ಕಚೇರಿಯ ತಮಿಳು ದಾಖಲೆಗೆ ಅವು ತಾವಾಗಿ ನಡೆದು ಹೋಗವು. ಕನ್ನಡ ಐಚ್ಛಿಕದ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆ ಜನಪದ ಗೀತೆಗಳನ್ನಷ್ಟೇ ಅರಸಬೇಕಿಲ್ಲ. ಬಾವುಟವನ್ನು ಯಾರು ಹೊಲಿದರು, ಯಾವ ಕಂಬಕ್ಕೆ ಏರಿಸಿದರು, ಪೊಲೀಸರು ಬಂದಾಗ ಎಲ್ಲಿ ಬಚ್ಚಿಟ್ಟರು ಎಂಬುದನ್ನು ಆಡಿದ ಮಾತಿನಲ್ಲೇ ಬರೆದುಕೊಳ್ಳಬಹುದು. 1947ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ.