ಗಾಯಕ್ಕೆ ಬೆಳಕು ಹಿಡಿಯುವವರು

ಜಕ್ಕೂರಿನ ವಿಮಾನ ಮೈದಾನಕ್ಕೆ ಸಮೀಪದ ಬಡಾವಣೆಯೊಂದರಲ್ಲಿ ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ಮನೆಯ ಹಿರಿಯಾಕೆಗೆ ಗರ್ಭಕೋಶದ ಶಸ್ತ್ರಚಿಕಿತ್ಸೆಯಾಗಿ ಹತ್ತು ದಿನಗಳಾಗಿವೆ. ಆಸ್ಪತ್ರೆ ಇರುವುದು ನಗರದ ಇನ್ನೊಂದು ತುದಿಯಲ್ಲಿ. ಹೆಬ್ಬಾಳದ ಮೇಲುಸೇತುವೆಯ ಬಳಿ ವಾಹನಗಳ ಸಾಲಿನಲ್ಲಿ ಸಿಲುಕಿ, ರಸ್ತೆಯ ಪ್ರತಿಯೊಂದು ಹಳ್ಳಕ್ಕೂ ಹೊಟ್ಟೆಯ ಹೊಲಿಗೆಯನ್ನು ಅಂಗೈಯಿಂದ ಒತ್ತಿ ಹಿಡಿದು, ಎರಡು ಗಂಟೆ ಕಾಲ ಕಾದು, ಐದೇ ನಿಮಿಷದಲ್ಲಿ ‘ಎಲ್ಲ ಸರಿಯಾಗಿದೆ’ ಎನ್ನಿಸಿಕೊಂಡು ಹಿಂದಿರುಗುವ ಪ್ರಯಾಸ ಯಾರಿಗೆ ತಾನೇ ಬೇಕು? ವೈದ್ಯರೇ ಫೋನಿನ ಪರದೆಯ ಮೇಲೆ ಮನೆಗೆ ಬರುವುದಾದರೆ ಅದು ಉಪಕಾರವೇ ಸರಿ.

ಈ ಏರ್ಪಾಡು ನಮ್ಮ ನಾಡಿಗೆ ಹೊಸದೇನಲ್ಲ. ಇಸ್ರೋ ಸಂಸ್ಥೆಯ ಉಪಗ್ರಹದ ನೆರವಿನಿಂದ 2002ರಲ್ಲಿಯೇ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯದೊಡನೆ ಜೋಡಿಸಲಾಗಿತ್ತು. ಆದರೆ ಅಲ್ಲಿ ಎರಡು ತುದಿಗಳಲ್ಲಿಯೂ ಆಸ್ಪತ್ರೆಗಳೇ ಇದ್ದವು. ರೋಗಿಯ ಪಕ್ಕದಲ್ಲಿ ನಾಡಿ ಹಿಡಿಯಲು, ಒತ್ತಿ ನೋಡಲು, ಕಂಡದ್ದನ್ನು ಸರಿಯಾದ ಮಾತಿನಲ್ಲಿ ಹೇಳಲು ಪಳಗಿದ ಕೈಯೊಂದಿತ್ತು. ಇಂದಿನ ಭೇಟಿಯಲ್ಲಿ ಆ ಕೈಯ ಸ್ಥಾನಕ್ಕೆ ಬಂದಿರುವವನು ಮನೆಯ ಮಗ. ಫೋನು ಹಿಡಿಯುವುದರಲ್ಲಿ ಮಾತ್ರ ನಿಪುಣ!

ನಿಯಮಗಳೇನೋ ಇವೆ. ದೇಶಕ್ಕೆ ದೇಶವೇ ಬಾಗಿಲು ಮುಚ್ಚಿದ 2020ರ ಮಾರ್ಚ್ 25ರಂದೇ ಕೇಂದ್ರ ಸರ್ಕಾರ ದೂರವೈದ್ಯದ ಮಾರ್ಗಸೂಚಿಯನ್ನು ಹೊರಡಿಸಿತು. ವೈದ್ಯರು ಮುಖತಃ ನೋಡಿದ 6 ತಿಂಗಳೊಳಗೆ ಅದೇ ಕಾಯಿಲೆಗಾಗಿ ಮತ್ತೆ ಕಂಡರೆ ಅದು ಮರುಭೇಟಿ. ಮಾರ್ಫೀನ್‌ನಂಥ ಮಾದಕ ಔಷಧಗಳನ್ನು ಪರದೆಯ ಮೂಲಕ ಬರೆದುಕೊಡುವಂತಿಲ್ಲ. ಪರದೆ ಸಾಲದೆಂದು ತೋರಿದರೆ ನೇರವಾಗಿ ಬರಹೇಳುವ ಅಧಿಕಾರ ವೈದ್ಯರದು.

ಆದರೆ ಸಾಲದೆಂದು ತೋರುವುದು ಹೇಗೆ? ಹೊಟ್ಟೆ ಕೊಯ್ದು ಮಾಡಿದ ಈ ಚಿಕಿತ್ಸೆಯ ಗಾಯ ಸಾಮಾನ್ಯವಾಗಿ ಕಿಬ್ಬೊಟ್ಟೆಯಲ್ಲಿರುತ್ತದೆ. ಫೋನು ಹಿಡಿದು ನಿಂತವನು ಬೆಳೆದ ಮಗ. ಆಕೆ ಸೆರಗನ್ನು ಎರಡು ಬೆರಳಷ್ಟು ಸರಿಸಿ ಹೊಲಿಗೆಯ ಒಂದು ಕೊನೆಯನ್ನಷ್ಟೇ ತೋರಿಸುತ್ತಾಳೆ. ಕೆಂಪಾಗಿರುವುದು ಇನ್ನೊಂದು ಕೊನೆ! ‘ಹೇಗಿದ್ದೀರಿ?’ ಎಂಬ ಪ್ರಶ್ನೆಗೆ ‘ಚೆನ್ನಾಗಿದ್ದೇನೆ’ ಎಂಬ ಉತ್ತರ ಸಿದ್ಧವಾಗಿದೆ. ತನ್ನಿಂದ ಇನ್ನೊಬ್ಬರಿಗೆ ತೊಂದರೆಯಾಗಬಾರದೆಂದು ನಮ್ಮ ತಾಯಂದಿರು ಜೀವಮಾನವೆಲ್ಲ ಅಭ್ಯಾಸ ಮಾಡಿದ ಉತ್ತರವದು. ವೈದ್ಯರ ಕೊಠಡಿಯಲ್ಲಾದರೆ ತೆರೆಯೊಂದಿರುತ್ತಿತ್ತು, ದಾದಿಯಿರುತ್ತಿದ್ದಳು. ಮನೆಯ ನಡುಮನೆಯಲ್ಲಿ ಯಾವ ತೆರೆಯಿದೆ? ಯಂತ್ರದ ದೋಷವನ್ನು ಹಳಿಯುವವರು ಈ ಸಂಕೋಚವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆದುದರಿಂದ ಫೋನು ಯಾರ ಕೈಯಲ್ಲಿರಬೇಕೆಂಬುದನ್ನು ರೋಗಿಯನ್ನೇ ಕೇಳುವುದು ಲೇಸು. ಕಿಟಕಿಯ ಬಳಿಯ ಹಗಲ ಬೆಳಕು ದೀಪದ ಬೆಳಕಿಗಿಂತ ಬಣ್ಣವನ್ನು ನಿಜವಾಗಿ ತೋರಿಸುತ್ತದೆ. ಜ್ವರವನ್ನು ಮೊದಲೇ ಅಳೆದು ಬರೆದಿಟ್ಟುಕೊಳ್ಳಬಹುದು. ಗಾಯದ ಬಿಸಿ, ಗಡಸು, ವಾಸನೆಗಳು ಪರದೆಯನ್ನು ದಾಟಲಾರವು. ಅವನ್ನು ಮನೆಯವರು ಬಾಯಿಬಿಟ್ಟು ಹೇಳಬೇಕು. ಕೀವು ಕಂಡರೆ, ಹೊಲಿಗೆ ಬಿಚ್ಚಿದರೆ, ಚಳಿಜ್ವರ ಬಂದರೆ ವೀಡಿಯೋ ಭೇಟಿಯ ದಿನಕ್ಕಾಗಿ ಕಾಯುವಂತಿಲ್ಲ. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಏದುಸಿರು ಬರುವುದು ರಕ್ತ ಹೆಪ್ಪುಗಟ್ಟಿರುವ ಸೂಚನೆಯಾಗಿರಬಹುದು. ಆಗ ಹೆಬ್ಬಾಳದ ಸಾಲನ್ನೂ ದೂರದ ಆಸ್ಪತ್ರೆಯನ್ನೂ ಮರೆತು ಹತ್ತಿರದ ತುರ್ತು ಚಿಕಿತ್ಸಾಲಯಕ್ಕೆ ಧಾವಿಸಬೇಕು.

ನಮ್ಮ ಜಕ್ಕೂರಿನ ಸಂಸಾರದಲ್ಲಿ ಮುಂದಿನ ಭೇಟಿಯ ದಿನ ಮಗನನ್ನು ಹಾಲು ತರಲು ಅಟ್ಟಲಾಯಿತೆನ್ನಿ. ಸೊಸೆ ಬಾಗಿಲಿಗೆ ಅಗುಳಿ ಹಾಕಿ, ಅತ್ತೆಯನ್ನು ಕಿಟಕಿಯತ್ತ ತಿರುಗಿಸಿ ಫೋನು ಹಿಡಿದಳು. ಈ ಸಲ ಸೆರಗು ಪೂರ್ತಿಯಾಗಿ ಸರಿಯಿತು. ವೈದ್ಯರು ಒಂದು ಕ್ಷಣ ಮೌನವಾಗಿದ್ದು, ‘ಇವತ್ತೇ ಕರೆದುಕೊಂಡು ಬನ್ನಿ’ ಎಂದರು.