ಹೇಮಾವತಿಯ ಹಿನ್ನೀರು ಓಟದ ಕಣವಲ್ಲ

ನೀರು ಕಂಡಲ್ಲೆಲ್ಲ ಮೋಟಾರು ದೋಣಿ ಬಿಡಬೇಕೆಂಬ ಹಂಬಲ ನಮ್ಮ ಜಿಲ್ಲೆಯನ್ನೂ ಬಿಟ್ಟಿಲ್ಲ. ಬೇಲೂರಿನ ಯಗಚಿ ಜಲಾಶಯದಲ್ಲಿ ಜಲಸಾಹಸ ಕ್ರೀಡೆಗೆ ಎಡೆ ದೊರೆಯಿತು; ಅದಕ್ಕಿಂತ ಎಷ್ಟೋ ವಿಶಾಲವಾದ ಗೊರೂರಿನ ಹಿನ್ನೀರಿಗೇಕೆ ಬೇಡ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಹೀಗೆ ಕೇಳುವವರ ಮನಸ್ಸು ಸಾಧಾರಣ ದೋಣಿಗೆ ತೃಪ್ತವಾಗುವುದೂ ಇಲ್ಲ. ಹಿಂಬದಿಯಲ್ಲಿ ಜೋಡಿ ಎಂಜಿನ್ನುಗಳನ್ನು ಹೊತ್ತು, ಗಂಟೆಗೆ ನೂರು ಕಿಲೋಮೀಟರು ಮೀರಿ ಹಾರುವ ದೋಣಿಯೇ ಅವರ ಕನಸು. ಆ ಕನಸನ್ನು ಪರಿಸರದ ಭಾವುಕತೆಯಿಂದಲ್ಲ, ಆ ದೋಣಿಯ ಯಂತ್ರಶಾಸ್ತ್ರದಿಂದಲೇ ಪರೀಕ್ಷಿಸುವುದು ಈ ಲೇಖನದ ಉದ್ದೇಶ. ವೇಗಕ್ಕಾಗಿ ದೋಣಿಯನ್ನು ಹದಗೊಳಿಸುವ ಒಂದೊಂದು ಕ್ರಮವೂ ಅದನ್ನು ನಮ್ಮ ಜಲಾಶಯಕ್ಕೆ ಹೆಚ್ಚು ಹೆಚ್ಚು ಅಯೋಗ್ಯಗೊಳಿಸುತ್ತದೆ ಎಂಬುದೇ ನಮ್ಮ ವಾದ.

ಮೊದಲು ಎರಡನೆಯ ಎಂಜಿನ್ನಿನ ಮಾತು. ಒಂದರಿಂದ ಇಷ್ಟು ವೇಗವಾದರೆ ಎರಡರಿಂದ ಅದರ ಇಮ್ಮಡಿ ಎಂದು ಭಾವಿಸುವವರಿದ್ದಾರೆ. ನೀರಿನ ಲೆಕ್ಕ ಹಾಗಿಲ್ಲ. ನೀರಿನ ಮೇಲೆ ತೇಲಿ ಜಾರುವ ದೋಣಿಯ ವೇಗ ಸ್ಥೂಲವಾಗಿ ಅಶ್ವಶಕ್ತಿಯ ವರ್ಗಮೂಲದಂತೆ ಏರುತ್ತದೆ. 250 ಅಶ್ವಶಕ್ತಿಯನ್ನು 500ಕ್ಕೆ ಏರಿಸಿದರೆ ವೇಗ ಹೆಚ್ಚೆಂದರೆ ಶೇಕಡಾ 40ರಷ್ಟು ಹೆಚ್ಚೀತು. ಎರಡನೆಯ ಎಂಜಿನ್ನಿನದೇ ಕಾಲು ಟನ್ನಿನಷ್ಟು ತೂಕವಿರುವುದರಿಂದ ಆ ಲಾಭವೂ ಪೂರ್ತಿ ದಕ್ಕದು. ಇಂಧನ ಮಾತ್ರ ಇಮ್ಮಡಿಯಾಗುತ್ತದೆ. ಇಂತಹ ಜೋಡಿ ಎಂಜಿನ್ನುಗಳು ಪೂರ್ಣ ವೇಗದಲ್ಲಿ ಗಂಟೆಗೆ ಸುಮಾರು 170ರಿಂದ 190 ಲೀಟರು ಪೆಟ್ರೋಲನ್ನು ಸುಡುತ್ತವೆ.

ಇನ್ನು ಪ್ರೊಪೆಲ್ಲರ್. ಅದರ ಆಯ್ಕೆಯಲ್ಲಿ ಮುಖ್ಯವಾದುದು ಪಿಚ್. ಜಾರದೆ ಒಂದು ಸುತ್ತು ತಿರುಗಿದಾಗ ಅದು ಎಷ್ಟು ದೂರ ಮುಂದೆ ಸಾಗಬೇಕೋ ಆ ಅಳತೆಯೇ ಪಿಚ್. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುತ್ತಿದೆ, ಗೇರಿನ ಅನುಪಾತ 1.75, ಪಿಚ್ 24 ಅಂಗುಲ ಎಂದಿಟ್ಟುಕೊಳ್ಳೋಣ. ಪ್ರೊಪೆಲ್ಲರ್ ನಿಮಿಷಕ್ಕೆ ಸುಮಾರು 3430 ಸುತ್ತು ತಿರುಗಿ, ಸುತ್ತಿಗೆ ಎರಡು ಅಡಿಯಂತೆ ಗಂಟೆಗೆ 125 ಕಿಲೋಮೀಟರು ಸಾಗಬೇಕು. ನೀರಿನಲ್ಲಿ ಶೇಕಡಾ 10ರಷ್ಟು ಜಾರಿದರೂ 113 ಕಿಲೋಮೀಟರು ಉಳಿಯುತ್ತದೆ. ಪಿಚ್ ಒಂದು ಅಂಗುಲ ಹೆಚ್ಚಾದರೆ ಎಂಜಿನ್ನಿನ ಸುತ್ತು ನಿಮಿಷಕ್ಕೆ 150ರಿಂದ 200ರಷ್ಟು ಇಳಿಯುತ್ತದೆ. ಆದುದರಿಂದ ಎಂಜಿನ್ ತನ್ನ ಮಿತಿಯ ಸುತ್ತನ್ನು ಮುಟ್ಟುವಂತೆ ನೋಡಿಕೊಂಡು, ಅದು ಎಳೆಯಬಲ್ಲ ಅತಿ ದೊಡ್ಡ ಪಿಚ್ಚನ್ನು ಹುಡುಕುವುದೇ ಗರಿಷ್ಠ ವೇಗದ ಬೆನ್ನು ಹತ್ತಿದವರ ಕಸುಬು.

ಈ ಕಸುಬಿನ ಬೆಲೆಯನ್ನು ತೆರುವುದು ದಂಡೆ. ಪಿಚ್ ದೊಡ್ಡದಾದಷ್ಟೂ ದೋಣಿ ನಿಂತ ನೆಲೆಯಿಂದ ಮೇಲೆದ್ದು ಜಾರತೊಡಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಪೂರ್ತಿ ತೇಲುವುದೂ ಅಲ್ಲದ, ಪೂರ್ತಿ ಜಾರುವುದೂ ಅಲ್ಲದ ಆ ನಡುವಣ ಸ್ಥಿತಿಯಲ್ಲಿಯೇ, ಮೂತಿಯೆತ್ತಿ ಹಿಂಬದಿ ಹೂತು ಸಾಗುವಾಗ, ದೋಣಿ ಅತಿ ಎತ್ತರದ ಅಲೆಗಳನ್ನು ಎಬ್ಬಿಸುತ್ತದೆ. ಅಲೆಯ ಎತ್ತರ ಇಮ್ಮಡಿಯಾದರೆ ಅದರ ಶಕ್ತಿ ನಾಲ್ಮಡಿಯಾಗುತ್ತದೆ. ಪೂರ್ಣ ವೇಗದಲ್ಲಿ ದೋಣಿಯ ಅಲೆ ಚಿಕ್ಕದು ಎಂದು ದೋಣಿಯ ಪಕ್ಷದವರು ಹೇಳುವುದು ನಿಜ. ನಾವು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಹಣ ತೆತ್ತವರನ್ನು ಐದು ನಿಮಿಷ ಸುತ್ತಿಸಿ ತರುವ ದೋಣಿ ಪ್ರತಿ ಸುತ್ತಿನಲ್ಲಿಯೂ ಹೊರಡಬೇಕು, ತಿರುಗಬೇಕು, ನಿಲ್ಲಬೇಕು. ಆ ನಡುವಣ ಸ್ಥಿತಿಯನ್ನು ಅದು ದಿನಕ್ಕೆ ಎಷ್ಟು ಸಲ ಹಾಯಬೇಕು? ಅಲೆ ಕೊರೆದ ದಂಡೆಯ ಮಣ್ಣು ಎಲ್ಲಿಗೆ ಸೇರಬೇಕು?

ಮೂರನೆಯದು ಎಂಜಿನ್ನಿನ ಎತ್ತರ. ನೀರಿನೊಳಗಿರುವ ಗೇರುಪೆಟ್ಟಿಗೆಯ ಎಳೆತವನ್ನು ತಗ್ಗಿಸಲು ಎಂಜಿನ್ನುಗಳನ್ನು ಹಿಂಬದಿಯ ಹಲಗೆಯ ಮೇಲೆ ಅಂಗುಲ ಅಂಗುಲವಾಗಿ ಏರಿಸುತ್ತಾರೆ. ಕೊನೆಗೆ ಪ್ರೊಪೆಲ್ಲರಿನ ಅಲಗುಗಳು ಅರ್ಧ ನೀರಿನಲ್ಲಿಯೂ ಅರ್ಧ ಗಾಳಿಯಲ್ಲಿಯೂ ತಿರುಗುತ್ತವೆ. ವೇಗವೇನೋ ಬರುತ್ತದೆ. ಆದರೆ ತಿರುವಿನಲ್ಲಿ ಅಲಗು ಗಾಳಿಯನ್ನು ನುಂಗಿ ನೀರಿನ ಹಿಡಿತವನ್ನು ಕಳೆದುಕೊಳ್ಳುತ್ತದೆ, ಎಂಜಿನ್ನನ್ನು ತಂಪಾಗಿಡಲು ನೀರೆಳೆಯುವ ರಂಧ್ರಗಳು ಮೇಲ್ಮೈಗೆ ಸಮೀಪಿಸುತ್ತವೆ, ಸದ್ದು ಹೆಚ್ಚುತ್ತದೆ. ಒಂದರ ಓರೆಯೆಳೆತವನ್ನು ಇನ್ನೊಂದು ಸರಿದೂಗಿಸಲೆಂದು ಜೋಡಿ ಪ್ರೊಪೆಲ್ಲರುಗಳಲ್ಲಿ ಒಂದನ್ನು ಬಲಕ್ಕೂ ಇನ್ನೊಂದನ್ನು ಎಡಕ್ಕೂ ತಿರುಗಿಸುತ್ತಾರೆ. ಪೂರ್ಣ ವೇಗದಲ್ಲಿ ಒಂದು ಎಂಜಿನ್ ಕೈಕೊಟ್ಟರೆ ಆ ಸಮತೋಲ ಅದೇ ಕ್ಷಣದಲ್ಲಿ ತಪ್ಪುತ್ತದೆ. ಗಂಟೆಗೆ 113 ಕಿಲೋಮೀಟರೆಂದರೆ ಸೆಕೆಂಡಿಗೆ 31 ಮೀಟರು. ನೂರೈವತ್ತು ಮೀಟರು ದೂರದಲ್ಲಿ ಹರಿಗೋಲಿನಲ್ಲಿ ಕುಳಿತು ಬಲೆಯೆತ್ತುತ್ತಿರುವವನಿಗೆ ಐದು ಸೆಕೆಂಡೂ ಉಳಿಯುವುದಿಲ್ಲ. ಹುಟ್ಟು ಹಾಕಿ ಹರಿಗೋಲನ್ನು ಒಂದು ಮಾರು ಸರಿಸಲೂ ಆ ಅವಧಿ ಸಾಲದು.

ಇದು ಕಲ್ಪನೆಯ ಭೀತಿಯಲ್ಲ. 2024ರ ಡಿಸೆಂಬರ್ 18ರಂದು ಮುಂಬಯಿಯ ಕಡಲಿನಲ್ಲಿ, ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ವೇಗದ ದೋಣಿಯೊಂದು ಹತೋಟಿ ತಪ್ಪಿ, ಎಲಿಫೆಂಟಾ ದ್ವೀಪಕ್ಕೆ ಹೊರಟಿದ್ದ ನೀಲ್ ಕಮಲ್ ಎಂಬ ಪ್ರಯಾಣಿಕರ ದೋಣಿಗೆ ಬಡಿಯಿತು. ಹದಿಮೂರಕ್ಕೂ ಹೆಚ್ಚು ಜೀವಗಳು ಹೋದವು. ತರಬೇತಿ ಪಡೆದವರ ಕೈಯಲ್ಲಿ, ವಿಶಾಲವಾದ ಕಡಲಿನಲ್ಲಿಯೇ ಹೀಗಾದರೆ, ಕೊಲ್ಲಿ ಕೊಲ್ಲಿಯಾಗಿ ಚಾಚಿಕೊಂಡ ಹಿನ್ನೀರಿನಲ್ಲಿ ಏನಾದೀತು?

ಹಿನ್ನೀರು ಕಡಲೂ ಅಲ್ಲ, ಸಹಜವಾದ ಸರೋವರವೂ ಅಲ್ಲ; ಅದು ಮುಳುಗಿದ ಊರು. 1979ರಲ್ಲಿ ಪೂರ್ಣಗೊಂಡ ಗೊರೂರಿನ ಅಣೆಕಟ್ಟೆಯ ಹಿಂದೆ 2922 ಅಡಿಯ ಮಟ್ಟದವರೆಗೆ 37 ಟಿಎಂಸಿ ನೀರು ನಿಲ್ಲುತ್ತದೆ, ಬೇಸಿಗೆಯಲ್ಲಿ ಕೆಳಗಿಳಿಯುತ್ತದೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಶೆಟ್ಟಿಹಳ್ಳಿಯ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಬಯಲಿನಲ್ಲಿ ನಿಲ್ಲುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೀರಿನ ಮಟ್ಟ ವಾರದಿಂದ ವಾರಕ್ಕೆ ಬದಲಾಗುವ ಇಂತಹ ಕಡೆ ಹಳೆಯ ಗೋಡೆ, ಮರದ ಬೊಡ್ಡೆ, ಬಂಡೆಗಳು ಇಂದು ಆಳದಲ್ಲಿದ್ದರೆ ನಾಳೆ ಮೇಲ್ಮೈಯ ಅಡಿಯಲ್ಲಿಯೇ ಇರುತ್ತವೆ. ಅಲ್ಯೂಮಿನಿಯಮ್ಮಿನ ಪ್ರೊಪೆಲ್ಲರ್ ಬೊಡ್ಡೆಗೆ ಬಡಿದರೆ ತಾನು ಬಾಗಿ ಪೆಟ್ಟನ್ನು ನುಂಗೀತು. ವೇಗಕ್ಕೆಂದು ಆರಿಸುವ ತೆಳ್ಳನೆಯ ಗಡಸು ಸ್ಟೇನ್‌ಲೆಸ್ ಉಕ್ಕಿನ ಪ್ರೊಪೆಲ್ಲರ್ ಸುಲಭವಾಗಿ ಬಾಗದೆ ಪೆಟ್ಟನ್ನು ಗೇರುಪೆಟ್ಟಿಗೆಗೂ ದೋಣಿಗೂ ಅದರಲ್ಲಿರುವವರಿಗೂ ದಾಟಿಸುತ್ತದೆ. ಸಲಕರಣೆಯ ಆಯ್ಕೆಯಲ್ಲಿಯೂ ವೇಗ ಮತ್ತು ಸುರಕ್ಷತೆ ಬೇರೆ ಬೇರೆ ದಾರಿ ಹಿಡಿಯುವುದಕ್ಕೆ ಇದೊಂದು ನಿದರ್ಶನ.

ಇಷ್ಟಕ್ಕೂ ಈ ನೀರು ಯಾರದು? ಮೂಡಿಗೆರೆಯ ಗುಡ್ಡಗಳಲ್ಲಿ ಹುಟ್ಟಿ ಸಕಲೇಶಪುರವನ್ನು ಹಾದು ಬರುವ ಹೊಳೆಯಿದು. ಹಾಸನ ಪಟ್ಟಣ ಇದನ್ನು ಕುಡಿಯುತ್ತದೆ. ಹೊಳೆನರಸೀಪುರ ಇದರ ದಂಡೆಯ ಮೇಲೆಯೇ ನಿಂತಿದೆ. ಎಡದಂಡೆಯ ನಾಲೆ ಚನ್ನರಾಯಪಟ್ಟಣ ಸೀಮೆಯನ್ನು ಮುಟ್ಟಿ, ಬಾಗೂರು-ನವಿಲೆ ಸುರಂಗದ ಮೂಲಕ ತುಮಕೂರಿನತ್ತ ಸಾಗುತ್ತದೆ. ಬಲದಂಡೆಯ ನಾಲೆಗಳು ಅರಕಲಗೂಡು, ಹೊಳೆನರಸೀಪುರಗಳ ಹೊಲಗದ್ದೆಗಳನ್ನು ತಣಿಸುತ್ತವೆ. ಹಳೆಯ ಮಾದರಿಯ ಎರಡು ಸ್ಟ್ರೋಕಿನ ಎಂಜಿನ್ ತಾನು ಕುಡಿದ ಇಂಧನದಲ್ಲಿ ಸುಮಾರು ಕಾಲುಭಾಗವನ್ನು ಸುಡದೆಯೇ ಹೊರಗೆ ಬಿಡುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್ ಇದನ್ನು ಬಹುಮಟ್ಟಿಗೆ ತಗ್ಗಿಸುತ್ತದೆ ಎಂಬುದನ್ನು ಒಪ್ಪೋಣ. ಆದರೂ ಇಂಧನ ತುಂಬುವಾಗಿನ ಚೆಲ್ಲಾಟ, ಎಣ್ಣೆಯ ಸೋರಿಕೆ, ಕದಡಿದ ಮಣ್ಣು ಇವು ಉಳಿದೇ ಉಳಿಯುತ್ತವೆ. ನೂರು ಜನರ ಐದು ನಿಮಿಷದ ರೋಮಾಂಚನಕ್ಕಾಗಿ ಕುಡಿಯುವ ನೀರಿನಲ್ಲಿ ಇದನ್ನೆಲ್ಲ ಸಹಿಸಬೇಕೇ?

ಉದ್ಯೋಗ ಬೇಡವೇ ಎಂದು ಕೇಳುವವರಿಗೆ ನಮ್ಮ ಮರುಪ್ರಶ್ನೆ: ಯಾರ ಉದ್ಯೋಗ? ಲಕ್ಷಗಟ್ಟಲೆ ಬೆಲೆಯ ಎಂಜಿನ್ ಹೊರಗಿನಿಂದ ಬರುತ್ತದೆ. ಅದನ್ನು ಹದಗೊಳಿಸುವ ತಜ್ಞನೂ ಹೊರಗಿನಿಂದ ಬರುತ್ತಾನೆ. ಹಿನ್ನೀರನ್ನೇ ನಂಬಿ ಬಲೆ ಹಾಕುವವನಿಗೆ ಹರಿದ ಬಲೆಯಷ್ಟೇ ಉಳಿಯುತ್ತದೆ. ಅದೇ ಮೀನುಗಾರ ಹರಿಗೋಲಿನಲ್ಲಿ ಪ್ರವಾಸಿಯನ್ನು ಕೂರಿಸಿಕೊಂಡು ಶೆಟ್ಟಿಹಳ್ಳಿಯ ಗೋಡೆಗಳನ್ನು ಮೌನದಲ್ಲಿ ತೋರಿಸಿದರೆ, ಬಂದ ಹಣ ಊರಿನಲ್ಲಿಯೇ ನಿಲ್ಲುತ್ತದೆ.

ನಾವು ಎಲ್ಲ ಎಂಜಿನ್ನುಗಳ ವೈರಿಗಳಲ್ಲ. ಮುಳುಗುತ್ತಿರುವವರನ್ನು ಉಳಿಸಲು ರಕ್ಷಣಾ ದೋಣಿ ಬೇಕೇ ಬೇಕು. ಅದಕ್ಕೆ ನಾಲ್ಕು ಸ್ಟ್ರೋಕಿನ ಒಂದು ಎಂಜಿನ್ ಸಾಕು; ಭಾರ ಹೊತ್ತೂ ಬೇಗ ಮೇಲೇಳುವಂತೆ ಕಡಿಮೆ ಪಿಚ್ಚಿನ, ನೀರನ್ನು ಬಿಗಿಯಾಗಿ ಹಿಡಿಯುವ ನಾಲ್ಕು ಅಲಗಿನ ಪ್ರೊಪೆಲ್ಲರ್ ಸಾಕು; ಚಾಲಕ ಬಿದ್ದೊಡನೆ ಎಂಜಿನ್ ನಿಲ್ಲಿಸುವ, ಅವನ ಮೈಗೆ ಕಟ್ಟಿದ ಹಗ್ಗದ ಸ್ವಿಚ್ಚು ಬೇಕು. ಪ್ರೊಪೆಲ್ಲರನ್ನು ಆರಿಸುವ ವಿದ್ಯೆ ಒಂದೇ. ಅದನ್ನು ಯಾವುದಕ್ಕಾಗಿ ಬಳಸುತ್ತೇವೆ ಎಂಬುದು ನಮ್ಮ ವಿವೇಕಕ್ಕೆ ಬಿಟ್ಟದ್ದು.

ಆದುದರಿಂದ ನಮ್ಮ ಒತ್ತಾಯ ಸ್ಪಷ್ಟವಾಗಿದೆ. ಹೇಮಾವತಿಯ ಹಿನ್ನೀರಿನಲ್ಲಿ ಮೋಜಿನ ವೇಗದ ದೋಣಿಗಳಿಗೆ, ಜೋಡಿ ಎಂಜಿನ್ನಿನವುಗಳಿಗಂತೂ, ಪರವಾನಗಿ ಕೊಡಕೂಡದು. ಯಂತ್ರದೋಣಿಗಳ ನೋಂದಣಿಗೂ ಸುರಕ್ಷತೆಗೂ 2021ರ ಒಳನಾಡು ಹಡಗುಗಳ ಕಾಯಿದೆಯಿದೆ. ಆದರೆ ನೋಂದಣಿಯಾದ ದೋಣಿ ಎಲ್ಲ ನೀರಿಗೂ ಯೋಗ್ಯವೆಂದು ತಿಳಿಯಬಾರದು. ಯಾವುದೇ ಯೋಜನೆಯನ್ನು ಗುತ್ತಿಗೆಗೆ ಕರೆಯುವ ಮೊದಲು ಮೀನುಗಾರರನ್ನೂ, ದಂಡೆಯ ಗ್ರಾಮಸಭೆಗಳನ್ನೂ, ನೀರು ಕುಡಿಯುವ ಪಟ್ಟಣಗಳನ್ನೂ ಕೇಳಬೇಕು.

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ, ಕಾವೇರಿಯ ವಹ್ನಿ ಪುಷ್ಕರಿಣಿಯ ಮೀನುಗಳಿಗೆ ಜನ ಬಲೆ ಬೀಸುವುದಿಲ್ಲ. ಬಂದವರು ಮಂಡಕ್ಕಿ ಹಾಕಿ ನೋಡಿ ಸಂತೋಷಪಟ್ಟು ಹೋಗುತ್ತಾರೆ. ಹಿಡಿಯಬಲ್ಲೆವಾದರೂ ಹಿಡಿಯಬಾರದೆಂಬ ಆ ನಿಗ್ರಹ ನಮ್ಮ ಸೀಮೆಗೆ ಹೊಸತಲ್ಲ. ಓಡಿಸಬಲ್ಲೆವಾದರೂ ಓಡಿಸಬಾರದೆಂದು ಹಿನ್ನೀರಿನ ವಿಷಯದಲ್ಲಿಯೂ ಹೇಳುವ ಹೊಣೆ ಈಗ ನಮ್ಮ ಮೇಲಿದೆ.