ಕೇರಿಗೆ ಯಾರ ರುಜು ಬೇಕು?

ಒಂದು ಊರು ಊರು ಅನ್ನಿಸಿಕೊಳ್ಳೋಕೆ ಏನು ಬೇಕು ಸ್ವಾಮಿ? ಜನ ಬೇಕು, ಒಲೆ ಬೇಕು, ನೀರು ಬೇಕು, ಸತ್ತವರನ್ನು ಹೂಳಲು ಆರಡಿ ಮೂರಡಿ ನೆಲ ಬೇಕು ಅಂತ ನಾವು ತಿಳಿದಿದ್ದೆವು. ಅಂತರ್ಜಾಲದ ವಿಶ್ವಕೋಶದ ಪಂಡಿತರು ಹೇಳುತ್ತಾರೆ: ಅದೆಲ್ಲ ಸಾಲದು, ಕಾಗದ ಬೇಕು.

ಇಂಗ್ಲಿಷ್ ವಿಕಿಪೀಡಿಯದ ನಿಯಮ ಇದು. ಕಾನೂನು ಒಪ್ಪಿದ ಜನವಸತಿಯಾದರೆ, ನಾಲ್ಕೇ ಮನೆಯಿದ್ದರೂ ಸಾಮಾನ್ಯವಾಗಿ ಅದಕ್ಕೊಂದು ಪುಟ ಉಂಟು. ಕಾನೂನು ಒಪ್ಪದಿದ್ದರೆ, ಅದರ ಬಗ್ಗೆ ಹೊರಗಿನವರು ವಿವರವಾಗಿ ಬರೆದಿರಬೇಕು. ಕೇಳಲು ನ್ಯಾಯವಾಗಿಯೇ ಇದೆ. ಇದನ್ನು ನಮ್ಮ ನೆಲದ ಮೇಲಿಟ್ಟು ನೋಡಿ.

ಇಲ್ಲಿ ಕಾನೂನು ಒಪ್ಪಿದ ಹಳ್ಳಿ ಅಂದರೆ ಕಂದಾಯ ಗ್ರಾಮ. ಜನಗಣತಿಯೂ ಅದನ್ನೇ ಹಿಡಿದು ಹೋಗುತ್ತದೆ. ಒಂದು ನರಪಿಳ್ಳೆಯೂ ಇಲ್ಲದ ಬೇಚರಾಕ್ ಗ್ರಾಮಕ್ಕೂ ಪಟ್ಟಿಯಲ್ಲಿ ಹೆಸರುಂಟು. ಜನ ಬದುಕಿರುವ ತಾಂಡ, ಹಟ್ಟಿ, ಹಾಡಿಗಳಿಗೆ? 'ದಾಖಲೆಯಿಲ್ಲದ ವಸತಿ' ಅನ್ನೋ ಪಟ್ಟ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 1475 ಇಂಥ ವಸತಿಗಳನ್ನು ಕಂದಾಯ ಗ್ರಾಮ ಅಂತ ಘೋಷಿಸಿ, 2023ರ ಜನವರಿಯಲ್ಲಿ ಹಕ್ಕುಪತ್ರ ಹಂಚಿದರು. ಹಾಗಾದರೆ ಘೋಷಣೆಯ ಹಿಂದಿನ ದಿನ ಅಲ್ಲಿ ಬೇಯುತ್ತಿದ್ದ ರೊಟ್ಟಿ ಯಾವ ಊರಿನದು?

ಇನ್ನು ಕೇರಿ. ನಮ್ಮನ್ನು ಊರ ಹೊರಗಿಟ್ಟರು; ಪಟ್ಟಿಯಲ್ಲಿ ಮಾತ್ರ ಊರೊಳಗೆ ಸೇರಿಸಿದರು. ಬಾವಿಗೆ ಬೇರೆ, ಗುಡಿಗೆ ಬೇರೆ, ಲೆಕ್ಕಕ್ಕೆ ಮಾತ್ರ ಒಂದೇ! ಊರಿನ ಪುಟದಲ್ಲಿ ಗೋಪುರ ಬರುತ್ತದೆ, ಜಾತ್ರೆ ಬರುತ್ತದೆ. ಆ ಜಾತ್ರೆಗೆ ತಮಟೆ ಬಡಿದವನ ಕೇರಿ ಬರೋದಿಲ್ಲ.

ಹೊರಗಿನವರು ಬರೆದಿರಬೇಕಂತೆ. ಯಾವಾಗ ಬರೆದರು? 1968ರ ಡಿಸೆಂಬರ್ 25ರಂದು ತಮಿಳುನಾಡಿನ ಕೀಳ್ವೆಣ್ಮಣಿಯಲ್ಲಿ 44 ದಲಿತರನ್ನು ಸುಟ್ಟಾಗ ಬರೆದರು. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ 7 ದಲಿತರನ್ನು ಸುಟ್ಟಾಗ ಬರೆದರು. ಅಂದರೆ ಬೆಂಕಿ ಬೀಳುವ ತನಕ ನಾವು ಗಮನಕ್ಕೆ ಅರ್ಹರಲ್ಲ!

ಕಾಗದ ನಂಬಿದ್ದರ ಫಲವನ್ನೂ ನೋಡಿ. ಇರಾನಿನ ಜನಗಣತಿ ಲೆಕ್ಕಕ್ಕೆಂದು ಹೆಸರಿಸಿದ್ದ ಪಂಪು, ತೋಟಗಳೂ ಇದೇ ಇಂಗ್ಲಿಷ್ ವಿಕಿಪೀಡಿಯದಲ್ಲಿ ಹಳ್ಳಿಗಳಾಗಿ ಕೂತಿದ್ದವು. 2021ರಲ್ಲಿ ಗಲಾಟೆಯೆದ್ದ ಮೇಲೆ ಅಳಿಸತೊಡಗಿದರು. ಪಂಪಿಗೆ ಪುಟ, ಕೇರಿಗೆ ಪುರಾವೆ!

ಪುರಾವೆ ಕೇಳಬೇಡಿ ಅನ್ನೋದಿಲ್ಲ. ಸುಳ್ಳು ನಮಗೂ ಬೇಡ. ಆದರೆ ಕಣ್ಣು ಬಿಟ್ಟು ಹುಡುಕಿ: ಮತದಾರರ ಪಟ್ಟಿಯಿದೆ, ಅಂಗನವಾಡಿಯಿದೆ, ಕರೆಂಟು ಕಂಬವಿದೆ. ವೋಟು ಕೇಳಲು ಬರುವವನಿಗೆ ಕೇರಿಯ ದಾರಿ ಗೊತ್ತು. ವಿಶ್ವಕೋಶಕ್ಕೆ ಮಾತ್ರ ಗೊತ್ತಿಲ್ಲವೆ?

ಓದಿದ ತಮ್ಮಂದಿರೇ, ತಂಗಿಯರೇ, ಕನ್ನಡ ವಿಕಿಪೀಡಿಯ 2003ರಿಂದ ಇದೆ. ಅದರಲ್ಲಿ ಯಾರು ಬೇಕಾದರೂ ಬರೆಯಬಹುದು. ನಿಮ್ಮೂರಿನ ಪುಟ ತೆಗೆದು ನೋಡಿ, ಕೇರಿ ಇದೆಯಾ? ಇಲ್ಲದಿದ್ದರೆ ಅಳುತ್ತ ಕೂರಬೇಡಿ. ಅವರಿಗೆ ಅಚ್ಚಾದ ಅಕ್ಷರ ಬೇಕು ತಾನೆ? ಪಕ್ಕದ ಕೇರಿಯದನ್ನು ನೀನು ಬರಿ, ನಿನ್ನ ಕೇರಿಯದನ್ನು ಅವರು ಬರೀಲಿ. ಅಜ್ಜಿಯಂದಿರನ್ನು ಕೇಳಿ, ಬಾವಿ ತೋಡಿದವರ ಹೆಸರು ಕೇಳಿ, ಇಂಥ ಸಣ್ಣ ಪತ್ರಿಕೆಗಳಲ್ಲಿ ಅಚ್ಚು ಹಾಕೋಣ. ನಾಳೆ ಅವರು ಪುರಾವೆ ಕೇಳಿದಾಗ ಸುಟ್ಟ ಗುಡಿಸಲನ್ನು ತೋರಿಸುವ ಗತಿ ನಮಗೆ ಬರಬಾರದು.